ಖೋತಾಚಿವಾಡಿ: ಸುಣ್ಣ, ಹಂಚು ಮತ್ತು ಹೂಕುಂಡ

ಮುಂಬಯಿಯ ಚರ್ನಿರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಗಿರ್ಗಾಂವ್. ಅಲ್ಲಿಯ ಜಗನ್ನಾಥ ಶಂಕರಶೇಟ್ ರಸ್ತೆಯ ಗದ್ದಲ ಬಿಟ್ಟು ಒಂದು ಸಂದಿಯೊಳಗೆ ಹೊಕ್ಕರೆ ಖೋತಾಚಿವಾಡಿ. ಎದುರಿನಿಂದ ಸ್ಕೂಟರ್ ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕಾದಂಥ ಓಣಿ. ಎರಡೂ ಬದಿಗೆ ಮರದ ಕಟಾಂಜನದ ಜಗಲಿಗಳು, ಹೊರಗಿನಿಂದಲೇ ಮಹಡಿಗೆ ಹತ್ತುವ ಮರದ ಮೆಟ್ಟಿಲುಗಳು, ಹಂಚಿನ ಮಾಡು, ಬಣ್ಣಬಣ್ಣದ ಗೋಡೆಗಳು. ಊರಿನಿಂದ ಬಂದ ನೆಂಟರಿಗೆ ಗೇಟ್‌ವೇ, ಮಹಾಲಕ್ಷ್ಮಿ, ಚೌಪಾಟಿ ಎಲ್ಲ ತೋರಿಸಿ ಮುಗಿದ ಮೇಲೆ ನಾನು ಅವರನ್ನು ಇಲ್ಲಿಗೂ ಕರೆತರುತ್ತಿದ್ದೆ. ‘ಇದೂ ಮುಂಬಯಿಯೇನ್ರೀ?’ ಅಂತ ಕೇಳದೆ ಹೋದವರಿಲ್ಲ.

ನಾನು 1984ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಊರು ಬಿಟ್ಟು ಬಂದವನು. ಕೆಲವು ವರ್ಷ ಗಿರ್ಗಾಂವಿನ ಶಾಖೆಯಲ್ಲಿದ್ದೆ. ಪಾಸ್‌ಬುಕ್ಕು, ಪಿಂಚಣಿಯ ನೆಪದಲ್ಲಿ ಈ ವಾಡಿಯ ಹಿರಿಯರ ಪರಿಚಯವಾಯಿತು. ಎಂ.ಕಾಂ. ಓದಿದವನಿಗೆ ಹಳೇ ಮನೆಗಳ ಚರಿತ್ರೆ ಯಾಕೆ ಎಂದು ನೀವು ಕೇಳಬಹುದು. ಲೆಕ್ಕಪತ್ರ ಬರೆದವನಿಗೆ ಸವಕಳಿ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಆ ಸವಕಳಿಯನ್ನು ತಡೆಯಲು ಇಲ್ಲಿಯ ಜನ ಮಾಡುತ್ತಿದ್ದ ಉಪಾಯ ನನ್ನನ್ನು ಹಿಡಿದು ನಿಲ್ಲಿಸಿತು. ವರ್ಷಕ್ಕೊಮ್ಮೆ ಮನೆಯ ಹೊರಮೈಯನ್ನು ಮೆತ್ತಗೆ ತೊಳೆಯುವುದು, ಸುಣ್ಣ ಬಳಿಯುವುದು, ಬಾಗಿಲೆದುರು ನಾಲ್ಕು ಹೂಕುಂಡ ಇಡುವುದು. ಇಷ್ಟೇ.

ಈ ವಾಡಿಯ ಹುಟ್ಟು ಹದಿನೆಂಟನೆಯ ಶತಮಾನದ ಕೊನೆಯ ಭಾಗದ್ದು. ಪಾಠಾರೆ ಪ್ರಭು ಜಾತಿಯ ದಾದೋಬಾ ವಾಮನ ಖೋತ್ ಎಂಬವರು ತಮ್ಮ ಜಾಗವನ್ನು ತುಂಡು ಮಾಡಿ ಸ್ಥಳೀಯ ಕ್ರೈಸ್ತ ಕುಟುಂಬಗಳಿಗೆ ಕೊಟ್ಟರು. ಖೋತರ ವಾಡಿ ಖೋತಾಚಿವಾಡಿಯಾಯಿತು. ಪೋರ್ಚುಗೀಸರ ಕಾಲದಲ್ಲಿ ಮತಾಂತರಗೊಂಡ ಈ ಮಣ್ಣಿನ ಮಕ್ಕಳು ತಮ್ಮನ್ನು ‘ಈಸ್ಟ್ ಇಂಡಿಯನ್’ ಎಂದು ಕರೆದುಕೊಳ್ಳುತ್ತಾರೆ. ಹೆಸರಿನ ಹಿಂದೆ ನಮ್ಮ ಊರಿನ ಕಥೆಯೂ ಒಂದಿಷ್ಟಿದೆ. ಗೋವೆಯಿಂದಲೂ ಮಂಗಳೂರಿನಿಂದಲೂ ಕ್ರೈಸ್ತರು ನೌಕರಿ ಹುಡುಕಿ ಮುಂಬಯಿಗೆ ಬರತೊಡಗಿದಾಗ, ‘ನಾವು ಬೇರೆ, ಮೊದಲಿನಿಂದ ಇಲ್ಲಿಯವರು’ ಎಂದು ತೋರಿಸಲು ಇವರು 1887ರಲ್ಲಿ, ವಿಕ್ಟೋರಿಯಾ ರಾಣಿಯ ಪಟ್ಟದ ಐವತ್ತನೆಯ ವರ್ಷದಲ್ಲಿ, ಈ ಹೆಸರನ್ನು ಅಧಿಕೃತವಾಗಿ ಇಟ್ಟುಕೊಂಡರು. ಹೊರಗಿನಿಂದ ಬಂದವರ ಬಗೆಗಿನ ಆತಂಕ ಆಗಲೂ ಇತ್ತು ಎಂದಾಯಿತು.

ತಮಾಷೆಯೆಂದರೆ, ಇವರ ತಲೆಯ ಮೇಲಿನ ಮಾಡೂ ನಮ್ಮಲ್ಲಿಂದಲೇ ಬಂತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚಿನ ಕಾರ್ಖಾನೆ ತೆರೆದರು. ಆ ಮೇಲೆ ಇತರರೂ ಕೈ ಹಾಕಿದರು. ನದಿಯ ಜೇಡಿಮಣ್ಣಿನ ಕೆಂಪು ಹಂಚು ಹಡಗು ಹತ್ತಿ ಮುಂಬಯಿಗೆ ಬಂದಿಳಿಯಿತು. ಒಂದರೊಳಗೊಂದು ಕಚ್ಚಿ ಕೂರುವ ಈ ಹಂಚು ಹಳೆಯ ನಾಡಹಂಚಿಗಿಂತ ಹಗುರ, ಮಳೆಗೂ ಗಟ್ಟಿ. ನಾವು ಬರುವ ಎಷ್ಟೋ ವರ್ಷ ಮೊದಲೇ ನಮ್ಮ ಊರಿನ ಮಣ್ಣು ಈ ಊರಿನ ಮನೆಗಳ ಮೇಲೆ ಕೂತಿತ್ತು!

ಇನ್ನು ಸುಣ್ಣದ ವಿಷಯ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ರೋಗಿಗಳಲ್ಲಿ ಡಾ. ಅಕಾಸಿಯೊ ವಿಯೆಗಸ್ ಪ್ಲೇಗನ್ನು ಗುರುತಿಸಿದರು. ಮರುವರ್ಷ ಜನರಲ್ ಗೇಟೇಕರ್ ನೇತೃತ್ವದಲ್ಲಿ ಪ್ಲೇಗ್ ಸಮಿತಿ ಬಂತು. ಸಿಪಾಯಿಗಳು, ಮುನಿಸಿಪಾಲಿಟಿಯವರು ಮನೆಮನೆ ಹೊಕ್ಕು ತೊಳೆಸಿದರು, ಸುಣ್ಣ ಬಳಿಸಿದರು. ಗಾಳಿ ಬೆಳಕು ಬರಲಿ ಎಂದು ಮಾಡಿನ ಹಂಚು ತೆಗೆಸಿದರು. ವಾಸಕ್ಕೆ ಯೋಗ್ಯವಲ್ಲ ಎಂದು ಕಂಡ ಮನೆಗಳ ಮೇಲೆ ‘ಯು.ಎಚ್.ಎಚ್.’ ಎಂಬ ಮೂರಕ್ಷರ ಬರೆದು ಹೋದರು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು, ಇಕ್ಕಟ್ಟಿನ ಕೇರಿಗಳನ್ನು ಒಡೆದು ರಸ್ತೆ ಮಾಡಿತು. ಮುಂದೆ ನಮ್ಮವರು ನೆಲೆಸಿದ ಮಾಟುಂಗ ಬೆಳೆದದ್ದೂ ಇದೇ ಟ್ರಸ್ಟಿನ ಯೋಜನೆಯಲ್ಲಿ. ಅಂಥ ದಿನಗಳಲ್ಲಿ ಬೆಳ್ಳಗಿನ ಗೋಡೆ ಎಂದರೆ ಬರೀ ಅಂದವಲ್ಲ, ಮನೆ ಉಳಿಯುವ ಪ್ರಶ್ನೆ. ಪ್ಲೇಗಿನ ಹೆದರಿಕೆಯಲ್ಲಿ ಈ ಜನ ಬೀದಿಬೀದಿಗೆ ನಿಲ್ಲಿಸಿದ ಶಿಲುಬೆಗಳನ್ನು ಇಂದಿಗೂ ಗಿರ್ಗಾಂವ್, ಬಾಂದ್ರಾಗಳಲ್ಲಿ ನೋಡಬಹುದು.

ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆ, ಕ್ರಿಸ್‌ಮಸ್ಸಿಗೆ ಮೊದಲು ಕೆಲಸ ಶುರು. ಇಲ್ಲಿ ಗಾರೆಯವನಿಗೆ ಗವಂಡಿ ಅನ್ನುತ್ತಾರೆ, ನಮ್ಮ ಧಾರವಾಡದ ಕಡೆಯ ಹಾಗೇ. ಮುದಿ ಗವಂಡಿಯೊಬ್ಬ ನನಗೆ ಕ್ರಮ ಹೇಳಿಕೊಟ್ಟಿದ್ದ. ಮೊದಲು ಒಣ ಪೊರಕೆಯಿಂದ ಮೇಲಿನಿಂದ ಕೆಳಗೆ ಧೂಳು, ಜೇಡರಬಲೆ ತೆಗೆಯಬೇಕು. ಪಾಚಿ ಕಟ್ಟಿದ ಕಡೆ ಬರೀ ನೀರು ಚಿಮುಕಿಸಿ, ತೆಂಗಿನ ನಾರಿನ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಬೇಕು. ತಂತಿ ಬ್ರಷ್ ಮುಟ್ಟಕೂಡದು, ಆಸಿಡ್ ಅಂತೂ ಬೇಡವೇ ಬೇಡ. ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ಬೆರಳುದ್ದ ಇರುವಾಗಲೇ ಬೇರುಸಮೇತ ಕಿತ್ತುಬಿಡಬೇಕು. ಆಮೇಲೆ ಗೋಡೆ ತುಸು ಹಸಿಯಿರುವಾಗ, ಬಟ್ಟೆಯಲ್ಲಿ ಸೋಸಿದ ತೆಳು ಸುಣ್ಣವನ್ನು ಎರಡು ಮೂರು ಸಲ ಬಳಿಯಬೇಕು. ಬೇಕಾದ ಬಣ್ಣದ ಪುಡಿಯನ್ನು ಅದರಲ್ಲೇ ಕಲಸುವುದು. ಸುಣ್ಣದ ಗಾರೆಯ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಒಳಗಿನ ತೇವಕ್ಕೆ ದಾರಿಯಿಲ್ಲ. ಬಣ್ಣ ಗುಳ್ಳೆ ಏಳುತ್ತದೆ, ಒಳಗಿನ ಮರದ ಕಂಬ ಲಡ್ಡಾಗುತ್ತದೆ.

ಹೂಕುಂಡಕ್ಕೆ ಮರಾಠಿಯಲ್ಲಿ ಇರುವ ಹೆಸರನ್ನು ಇಲ್ಲಿ ಬರೆದರೆ ನೀವು ನಗುತ್ತೀರಿ. ‘ಅದನ್ನು ಸ್ವಲ್ಪ ಸರಿಸಿ, ದಾರಿ ಬಿಡಿ’ ಅಂತ ಯಾರಾದರೂ ಮರಾಠಿಯಲ್ಲಿ ಹೇಳಿದರೆ, ಹೊಸದಾಗಿ ಬಂದ ಕನ್ನಡದ ಹುಡುಗ ತಬ್ಬಿಬ್ಬಾಗಿ ಹಿಂದೆ ನೋಡಿಕೊಳ್ಳುವುದೇ ಸರಿ! ಕಲ್ಲು ಹಾಸಿದ ಓಣಿ, ನೆಡಲು ಅಂಗಳವಿಲ್ಲ; ಹಾಗಾಗಿ ಮೆಟ್ಟಿಲಿಗೊಂದು, ಕಟಾಂಜನಕ್ಕೊಂದು ಕುಂಡ. ತುಳಸಿ, ಕ್ರೋಟನ್, ಮನಿ ಪ್ಲಾಂಟ್, ಜರಿಗಿಡ, ದಾಸವಾಳ. ಇದಕ್ಕೂ ಕ್ರಮವಿದೆ. ಕುಂಡವನ್ನು ಗೋಡೆಗೆ ಒರಗಿಸದೆ ಒಂದು ಗೇಣು ಬಿಟ್ಟು, ಇಟ್ಟಿಗೆಯ ಮೇಲೆ ಇಡಬೇಕು. ಇಲ್ಲದಿದ್ದರೆ ತೊಳೆದು ಒಣಗಿಸಿದ ಗೋಡೆಗೆ ಕುಂಡವೇ ನೀರು ಕುಡಿಸುತ್ತದೆ. ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ, ಮುನಿಸಿಪಾಲಿಟಿಯ ನೋಟೀಸು.

ಇಷ್ಟು ಅಗ್ಗದ ಉಪಾಯವಿದ್ದರೂ ಒಂದು ಕಾಲಕ್ಕೆ 65ರಷ್ಟಿದ್ದ ಮನೆಗಳು ಈಗ ಮೂವತ್ತರೊಳಗೆ ಬಂದದ್ದು ಯಾಕೆ? ಇಲ್ಲಿ ನನ್ನ ಬ್ಯಾಂಕಿನ ಬುದ್ಧಿ ಓಡುತ್ತದೆ. ಮುಂಬಯಿಯಲ್ಲಿ 1947ರ ಬಾಡಿಗೆ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರನಿಗೆ ಅದು ದೊಡ್ಡ ಆಸರೆ. ನಮ್ಮ ಹೋಟೆಲು ಹುಡುಗರು, ಗುಮಾಸ್ತರು ಈ ನಗರದಲ್ಲಿ ಕಾಲೂರಿದ್ದರಲ್ಲಿ ಅದರ ಪಾಲಿದೆ. ಆದರೆ ಮಾಲೀಕನಿಗೆ ಸುಣ್ಣದ ದುಡ್ಡೂ ಹುಟ್ಟದಾಯಿತು. ಈ ಕಟ್ಟು ನ್ಯಾಯವಲ್ಲ ಎಂದು ಸುಪ್ರೀಂ ಕೋರ್ಟು 1997ರ ಡಿಸೆಂಬರಿನಲ್ಲಿ ಹೇಳಿತು. ಆ ಮೊಕದ್ದಮೆಯ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ರಾಜ್ಯ. ನಮ್ಮ ಕರಾವಳಿಯ ಹೆಸರು ಮುಂಬಯಿಯ ಬಾಡಿಗೆಯ ಚರಿತ್ರೆಯಲ್ಲಿ ಹೀಗೆ ಸೇರಿಹೋಗಿದೆ. 2000ದಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ವರ್ಷಕ್ಕೆ ಶೇಕಡಾ 4 ಏರಿಸಲು ಬಿಟ್ಟಿತು. ತಿಂಗಳಿಗೆ 50 ರೂಪಾಯಿ ಇದ್ದದ್ದು, ಚಕ್ರಬಡ್ಡಿಯ ಲೆಕ್ಕ ಹಿಡಿದರೂ, 25 ವರ್ಷಕ್ಕೆ 133 ರೂಪಾಯಿ. ಗವಂಡಿಯ ಒಂದು ಹೊತ್ತಿನ ಕೂಲಿಗೂ ಸಾಲದು. ಬಿಲ್ಡರ್ ಕೋಟಿಯ ಮಾತಾಡುವಾಗ ಯಾರು ಎಷ್ಟು ದಿನ ಬೇಡ ಎಂದಾರು? 1995ರಲ್ಲಿ ನಗರದ ಪಾರಂಪರಿಕ ಕಟ್ಟಡಗಳಿಗೆ ನಿಯಮ ಬಂದು ವಾಡಿ ಆ ಪಟ್ಟಿ ಸೇರಿತು. ಒಡೆಯಲು ಅಡ್ಡಿಯಾಯಿತು, ಸುಣ್ಣಕ್ಕೆ ಕಾಸು ಬರಲಿಲ್ಲ.

ಹಾಗಿದ್ದೂ ಕೆಲವರು ಬಿಟ್ಟಿಲ್ಲ. ದೊಡ್ಡ ರಿಪೇರಿಗೆ ಕೈಲಾಗದ ವಯಸ್ಸಿನಲ್ಲೂ ಮೆಟ್ಟಿಲು ಗುಡಿಸಿ, ಕಟಾಂಜನಕ್ಕೆ ಅಗಸೆ ಎಣ್ಣೆ ಸವರಿ, ಕುಂಡಗಳಿಗೆ ನೀರು ಹಾಕುವ ಅಜ್ಜಿಯರನ್ನು ನಾನು ಕಂಡಿದ್ದೇನೆ. ಮನೆ ಉಳಿಯಬೇಕಾದರೆ ಅದರ ಮುಖವನ್ನು ಆಗಾಗ ನೋಡುವವರು ಬೇಕು. ನೋಡುವವರಿದ್ದರೆ ಬಿರುಕು ಬೆರಳಗಲ ಆಗುವ ಮೊದಲೇ ಗೊತ್ತಾಗುತ್ತದೆ, ಒಂದು ಒಡೆದ ಹಂಚಿನಿಂದ ಇಡೀ ಮಾಡು ಕುಸಿಯುವುದು ತಪ್ಪುತ್ತದೆ.

ಊರಿನಲ್ಲಿರುವ ನಿಮಗೆ ಇದನ್ನು ಬರೆಯಲು ಕಾರಣವಿದೆ. ನಾವು ಹೊರಗೆ ಬಂದವರು ಬೀಗ ಹಾಕಿ ಬಂದ ಮನೆಗಳು ನಿಮ್ಮ ಪಕ್ಕದಲ್ಲೇ ಇವೆ. ಅವೂ ಅದೇ ಹಂಚಿನವು, ಅದೇ ಸುಣ್ಣದವು. ಬೀಗದ ಕೈ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ, ಈ ಸಲ ಮಳೆ ನಿಂತ ಮೇಲೆ ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ ಎದ್ದಿದೆಯೋ ನೋಡಿ. ಎದ್ದಿದ್ದರೆ ಕಿತ್ತು ಹಾಕಿ, ಮತ್ತು ನಮಗೊಂದು ಫೋನ್ ಮಾಡಿ. ಸುಣ್ಣದ ದುಡ್ಡು ನಾವು ಕಳಿಸುತ್ತೇವೆ.