ಲೆಕ್ಕಕ್ಕೆ ಬರುವವರು ಯಾರು? ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಪಕ್ಷಕಾರರ ಸೇರ್ಪಡೆ ಮತ್ತು ಸಮೂಹ ದಾವೆಯ ಚರಿತ್ರೆ

ನಮ್ಮ ಸಿವಿಲ್ ನ್ಯಾಯಾಲಯಗಳಲ್ಲಿ ಪಾಲುವಿಭಾಗದ ದಾವೆ ಹೂಡಿದರೆ, ಪ್ರತಿವಾದಿಯ ಲಿಖಿತ ಹೇಳಿಕೆಯಲ್ಲಿ ಒಂದು ಸಾಲು ತಪ್ಪುವುದೇ ಅಪರೂಪ: ಅಗತ್ಯ ಪಕ್ಷಕಾರರನ್ನು ಸೇರಿಸಿಲ್ಲ, ಆದ್ದರಿಂದ ದಾವೆ ಊರ್ಜಿತವಲ್ಲ. ಮದುವೆಯಾಗಿ ಹೋದ ಅಕ್ಕನನ್ನು ಕೈಬಿಟ್ಟ ಕಾರಣಕ್ಕೆ ವರ್ಷಗಟ್ಟಲೆ ನಡೆದ ಮೊಕದ್ದಮೆ ಮುಗ್ಗರಿಸುವುದುಂಟು. ಈ ಆಕ್ಷೇಪಣೆಯ ಬೇರು ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದಲ್ಲಿದೆ. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರೆಲ್ಲರೂ ಮುಂದೆ ನಿಲ್ಲಲಿ, ಒಮ್ಮೆಗೇ ಎಲ್ಲವೂ ತೀರ್ಮಾನವಾಗಲಿ ಎಂಬುದು ಚಾನ್ಸರಿಯ ಧೋರಣೆ. ಅದರ ಒಂದು ಕವಲು ಭಾರತದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶಕ್ಕೆ ಹರಿಯಿತು, ಇನ್ನೊಂದು ಅಟ್ಲಾಂಟಿಕ್ ದಾಟಿತು. ಅಲ್ಲಿ ಅದಕ್ಕೆ ಎದುರಾದದ್ದು ಸೀಮಿತ ಅಧಿಕಾರದ ಫೆಡರಲ್ ನ್ಯಾಯಾಲಯ. ಒಬ್ಬ ಪಕ್ಷಕಾರನನ್ನು ಹೆಚ್ಚಿಗೆ ಸೇರಿಸಿದರೆ ನ್ಯಾಯಾಲಯದ ಬಾಗಿಲೇ ಮುಚ್ಚಿಕೊಳ್ಳಬಹುದಾದ ವಿಚಿತ್ರ ಸ್ಥಿತಿ ಅಲ್ಲಿಯದು. ಸಮೂಹ ದಾವೆಯ ಚರಿತ್ರೆಯನ್ನು ಸಾಮಾಜಿಕ ನ್ಯಾಯದ ಕಥೆಯಾಗಿ ಓದುವುದು ರೂಢಿ. ಅದನ್ನು ಎಣಿಕೆಯ ಚರಿತ್ರೆಯಾಗಿ ಓದಿದರೆ ಹೆಚ್ಚು ತಿಳಿಯುತ್ತದೆಂಬುದು ಈ ಲೇಖನದ ವಾದ. ನ್ಯಾಯಾಲಯದಲ್ಲಿ ಹಾಜರಿಲ್ಲದ ಸಾವಿರಾರು ಜನರನ್ನು ಯಾವುದಕ್ಕೆ ಲೆಕ್ಕಕ್ಕೆ ಹಿಡಿದರು, ಯಾವುದಕ್ಕೆ ಬಿಟ್ಟರು?

1789ರ ನ್ಯಾಯಾಂಗ ಕಾಯಿದೆ ಬೇರೆ ಬೇರೆ ರಾಜ್ಯಗಳ ಪೌರರ ನಡುವಣ ವ್ಯಾಜ್ಯಗಳನ್ನು ಫೆಡರಲ್ ನ್ಯಾಯಾಲಯಕ್ಕೆ ಒಪ್ಪಿಸಿತು. ವ್ಯಾಜ್ಯದ ಮೊತ್ತ 500 ಡಾಲರ್ ಮೀರಿರಬೇಕೆಂದಿತು. 1806ರಲ್ಲಿ ಸ್ಟ್ರಾಬ್ರಿಜ್ ಪ್ರಕರಣದ ಕೆಲವೇ ಸಾಲುಗಳ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಆ ಕಾಯಿದೆಯನ್ನು ಬಿಗಿ ಮಾಡಿದರು: ವಾದಿಗಳಲ್ಲಿ ಒಬ್ಬನೇ ಒಬ್ಬ, ಪ್ರತಿವಾದಿಗಳಲ್ಲಿ ಒಬ್ಬನೇ ಒಬ್ಬ ಒಂದೇ ರಾಜ್ಯದವರಾದರೂ ಅಧಿಕಾರವ್ಯಾಪ್ತಿ ಇಲ್ಲ. ಎಲ್ಲರನ್ನೂ ಕರೆತನ್ನಿ ಎಂದು ಚಾನ್ಸರಿಯ ಸಂಪ್ರದಾಯ ಹೇಳಿದರೆ, ಎಲ್ಲರನ್ನೂ ಕರೆತಂದರೆ ಕೇಳುವುದೇ ಇಲ್ಲ ಎಂದಂತಾಯಿತು.

ಈ ಇಕ್ಕಟ್ಟಿಗೆ ಎರಡು ಉತ್ತರಗಳು ಹುಟ್ಟಿದವು. ಒಂದು ಕಠಿಣ. 1854ರ ಅವಧಿಯ ಶೀಲ್ಡ್ಸ್ ವಿರುದ್ಧ ಬ್ಯಾರೋ ಪ್ರಕರಣ ಲೂಯಿಸಿಯಾನಾದ ತೋಟವೊಂದರ ಮಾರಾಟದ್ದು. ಅದರಲ್ಲಿ ನ್ಯಾಯಮೂರ್ತಿ ಕರ್ಟಿಸ್ 'ಅಗತ್ಯ' ಪಕ್ಷಕಾರ, 'ಅನಿವಾರ್ಯ' ಪಕ್ಷಕಾರ ಎಂದು ಬೇರ್ಪಡಿಸಿ, ಅನಿವಾರ್ಯನಾದವನನ್ನು ಸೇರಿಸಲಾಗದಿದ್ದರೆ ದಾವೆ ನಿಲ್ಲದು ಎಂದರು. ಮುಂದಿನ ನೂರು ವರ್ಷ ವಕೀಲರು ಪಕ್ಷಕಾರರಿಗೆ ಈ ಚೀಟಿ ಅಂಟಿಸುವುದರಲ್ಲೇ ಕಳೆದರು. ಗೈರುಹಾಜರಾದವನಿಗೆ ನಿಜಕ್ಕೂ ಏನು ಹಾನಿ ಎಂದು ಕೇಳುವ ವ್ಯವಧಾನ ನಿಯಮಗಳಿಗೆ ಬಂದದ್ದು 1966ರಲ್ಲಿ, ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳಲ್ಲಿ 19ನೆಯದನ್ನು ಹೊಸದಾಗಿ ಬರೆದಾಗ.

ಇನ್ನೊಂದು ಉತ್ತರ ಪ್ರಾತಿನಿಧ್ಯ. ನ್ಯಾಯಮೂರ್ತಿ ಜೋಸೆಫ್ ಸ್ಟೋರಿ 1820ರ ವೆಸ್ಟ್ ವಿರುದ್ಧ ರಾಂಡಲ್ ಪ್ರಕರಣದಲ್ಲಿಯೇ, ಜನ ತೀರಾ ಹೆಚ್ಚಿದ್ದಾಗ ಕೆಲವರು ಎಲ್ಲರ ಪರವಾಗಿ ನಿಲ್ಲಬಹುದೆಂಬ ವಿನಾಯಿತಿಯನ್ನು ಗುರುತಿಸಿದ್ದರು. ಚಾನ್ಸರಿ ಮಾದರಿಯ ವ್ಯಾಜ್ಯಗಳಿಗೆಂದು ಇದ್ದ ಈಕ್ವಿಟಿ ನಿಯಮಗಳಲ್ಲಿ 1842ರ 48ನೆಯದು ಅದನ್ನು ಬರಹಕ್ಕಿಳಿಸಿತು. ಆದರೆ ಕೊನೆಗೊಂದು ವಾಕ್ಯ ಸೇರಿಸಿತು: ಗೈರುಹಾಜರಾದವರ ಹಕ್ಕುಗಳಿಗೆ ಡಿಕ್ರಿಯಿಂದ ಬಾಧೆ ಇಲ್ಲ. ಎಲ್ಲರ ಪರವಾಗಿ ಹೋರಾಡಿ, ಆದರೆ ಯಾರನ್ನೂ ಕಟ್ಟಿಹಾಕಬೇಡಿ. ಈ ವಾಕ್ಯಕ್ಕೆ ಹೆಚ್ಚು ಆಯುಸ್ಸಿರಲಿಲ್ಲ.

ಗುಲಾಮಗಿರಿಯ ಪ್ರಶ್ನೆಯ ಮೇಲೆ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚು 1844ರಲ್ಲಿ ಉತ್ತರ, ದಕ್ಷಿಣ ಎಂದು ಒಡೆಯಿತು. ಚರ್ಚಿನ ಪ್ರಕಟಣಾಲಯದ ಲಾಭ ವೃದ್ಧ ಬೋಧಕರಿಗೆ, ಅವರ ವಿಧವೆಯರಿಗೆ, ಅನಾಥ ಮಕ್ಕಳಿಗೆ ಮೀಸಲಾಗಿತ್ತು. ಅದರಲ್ಲಿ ಪಾಲು ಕೇಳಿ ದಕ್ಷಿಣದ ಬೋಧಕರು ಹೂಡಿದ ದಾವೆಯೇ ಸ್ಮಿತ್ ವಿರುದ್ಧ ಸ್ವಾರ್ಮ್‌ಸ್ಟೆಡ್. ದಕ್ಷಿಣದಲ್ಲಿ 1,500ಕ್ಕೂ ಹೆಚ್ಚು, ಉತ್ತರದಲ್ಲಿ 3,800ಕ್ಕೂ ಹೆಚ್ಚು ಬೋಧಕರು; ಎರಡೂ ಕಡೆ ಬೆರಳೆಣಿಕೆಯ ಪ್ರತಿನಿಧಿಗಳು. 1853ರ ಅವಧಿಯ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದಕ್ಷಿಣದವರಿಗೆ ಪಾಲು ಕೊಟ್ಟಿತು. ಡಿಕ್ರಿ ಎಲ್ಲರನ್ನೂ ಎದುರಿಗಿದ್ದವರಂತೆಯೇ ಬಂಧಿಸುತ್ತದೆ ಎಂದಿತು. 48ನೇ ನಿಯಮವನ್ನು ಉಲ್ಲೇಖಿಸುವಾಗ ಆ ಕೊನೆಯ ವಾಕ್ಯವನ್ನು ತೀರ್ಪು ಸದ್ದಿಲ್ಲದೆ ಬಿಟ್ಟುಬಿಟ್ಟಿತು. 1912ರ 38ನೇ ಈಕ್ವಿಟಿ ನಿಯಮದಲ್ಲಿ ಆ ವಾಕ್ಯ ನಿಯಮದಿಂದಲೇ ಮಾಯವಾಯಿತು.

ಆನಂತರದ ಮುಖ್ಯ ಪ್ರಕರಣದ ಹೆಸರೇ ಸ್ವಾರಸ್ಯದ್ದು. ಇಂಡಿಯಾನಾದ ಕ್ರಾಫರ್ಡ್ಸ್‌ವಿಲ್ ಊರಿನ ಲೂ ವಾಲೆಸ್ ಬರೆದ 'ಬೆನ್-ಹರ್' ಕಾದಂಬರಿಯಿಂದ ಹೆಸರು ಪಡೆದ ಸೋದರ ಸಂಘವೊಂದು ಅದೇ ಊರಿನಲ್ಲಿ ಸದಸ್ಯರಿಗೆ ಜೀವವಿಮೆ ಕೊಡುತ್ತಿತ್ತು. ಸಂಘದ ಪುನರ್ರಚನೆಯನ್ನು ಪ್ರಶ್ನಿಸಿ ಹೊರರಾಜ್ಯದ ಸದಸ್ಯರು ಫೆಡರಲ್ ನ್ಯಾಯಾಲಯದಲ್ಲಿ ಸೋತರು. ಬಳಿಕ ಇಂಡಿಯಾನಾದವರೇ ಆದ ಸದಸ್ಯರು ರಾಜ್ಯ ನ್ಯಾಯಾಲಯಕ್ಕೆ ಹೋದರು. ನಾವು ಮೊದಲ ದಾವೆಯಲ್ಲಿ ಇದ್ದಿದ್ದರೆ ಫೆಡರಲ್ ಅಧಿಕಾರವ್ಯಾಪ್ತಿಯೇ ಇರುತ್ತಿರಲಿಲ್ಲ, ಆದ್ದರಿಂದ ಆ ಡಿಕ್ರಿ ನಮಗೆ ತಾಗದು ಎಂಬ ಅವರ ವಾದ ತರ್ಕಬದ್ಧವಾಗಿಯೇ ಇತ್ತು. 1921ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಪೌರತ್ವದ ಪ್ರಶ್ನೆ ಬಂದಾಗ ಹೆಸರು ಕಾಣಿಸಿದ ಪ್ರತಿನಿಧಿಗಳಷ್ಟೇ ಲೆಕ್ಕಕ್ಕೆ. ಡಿಕ್ರಿಗೆ ಬದ್ಧರಾಗುವ ಪ್ರಶ್ನೆ ಬಂದಾಗ ಎಲ್ಲರೂ ಲೆಕ್ಕಕ್ಕೆ. ನನ್ನ ದೃಷ್ಟಿಯಲ್ಲಿ ಅಮೆರಿಕದ ಸಮೂಹ ದಾವೆ ಹುಟ್ಟಿದ್ದು ಈ ಇಬ್ಬಗೆಯ ಲೆಕ್ಕದಲ್ಲಿ.

1938ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳು ಕಾನೂನು ಮತ್ತು ಈಕ್ವಿಟಿಗಳ ಗೋಡೆ ಒಡೆದವು. ಸಮೂಹ ದಾವೆಯ 23ನೇ ನಿಯಮ ಮಾತ್ರ ಕಾನೂನು ವಿದ್ವಾಂಸ ಜೇಮ್ಸ್ ಮೂರ್ ರೂಪಿಸಿದ ಮೂರು ವರ್ಗಗಳಲ್ಲಿ ಸಿಕ್ಕಿಕೊಂಡಿತು: ನೈಜ, ಮಿಶ್ರ, ಹುಸಿ. ತಾನೇ 'ಹುಸಿ' ಎಂದು ಕರೆಸಿಕೊಂಡ ದಾವೆಯನ್ನು ನಿಯಮವೊಂದು ಮಾನ್ಯ ಮಾಡಿದ್ದು ಬಹುಶಃ ಇದೊಂದೇ ಇರಬೇಕು.

ಪ್ರಾತಿನಿಧ್ಯಕ್ಕೆ ಮಿತಿ ಹಾಕಿದ ತೀರ್ಪು ಷಿಕಾಗೋದಿಂದ ಬಂತು. ಕರಿಯರಿಗೆ ಮನೆ ಮಾರುವುದಿಲ್ಲವೆಂಬ ಕರಾರು ರಸ್ತೆ ಬದಿಯ ಆಸ್ತಿಯ ಶೇ. 95ರಷ್ಟು ಒಡೆಯರು ಸಹಿ ಮಾಡಿದರಷ್ಟೇ ಜಾರಿಯಾಗಬೇಕಿತ್ತು. ಸಹಿ ಬಿದ್ದದ್ದು ಸುಮಾರು ಶೇ. 54ಕ್ಕೆ. ಆದರೂ ಹಿಂದಿನ ಪ್ರಾತಿನಿಧಿಕ ದಾವೆಯೊಂದರಲ್ಲಿ ಎರಡೂ ಕಡೆಯವರು ಶೇ. 95 ಆಗಿದೆಯೆಂದು ಒಪ್ಪಿಕೊಂಡಿದ್ದರು. ಕಾರ್ಲ್ ಹ್ಯಾನ್ಸ್‌ಬರಿ ಎಂಬ ಕಪ್ಪು ವರ್ಣದ ಉದ್ಯಮಿ ಅಲ್ಲಿ ಮನೆ ಕೊಂಡಾಗ, ಆ ಹಳೆಯ ತೀರ್ಪನ್ನೇ ಮುಂದಿಟ್ಟು ಅವರನ್ನು ಹೊರಹಾಕಲು ನೋಡಿದರು. ಕರಾರು ಜಾರಿಯಾಗಬೇಕೆನ್ನುವವನು, ಬೇಡವೆನ್ನುವವರಿಗೆ ಪ್ರತಿನಿಧಿ ಆಗುವುದು ಹೇಗೆ? 1940ರಲ್ಲಿ ಸುಪ್ರೀಂ ಕೋರ್ಟು ಹ್ಯಾನ್ಸ್‌ಬರಿ ಪರ ನಿಂತಿತು. ಸಮರ್ಪಕ ಪ್ರಾತಿನಿಧ್ಯವಿಲ್ಲದೆ ಯಾರನ್ನೂ ಬಂಧಿಸುವಂತಿಲ್ಲ ಎಂದಿತು. ಅವರ ಮಗಳು ಲೊರೇನ್ 1959ರಲ್ಲಿ ರಂಗಕ್ಕೆ ತಂದ 'ಎ ರೇಸಿನ್ ಇನ್ ದ ಸನ್' ನಾಟಕದ ಹಿಂದೆ ಈ ಮನೆಯ ನೆನಪಿದೆ.

23ನೇ ನಿಯಮದ 1966ರ ತಿದ್ದುಪಡಿಯನ್ನು ರೂಪಿಸಿದವರು ಹಾರ್ವರ್ಡಿನ ಬೆಂಜಮಿನ್ ಕಪ್ಲಾನ್. 'ಹುಸಿ' ಹೋಗಿ, ಇಂದಿನ ಪ್ರಸಿದ್ಧ ಮೂರನೆಯ ಬಗೆ ಬಂತು. ಸಮಾನ ಪ್ರಶ್ನೆಗಳು ಪ್ರಧಾನವಾಗಿದ್ದರೆ ಹಣದ ಪರಿಹಾರಕ್ಕೂ ಸಮೂಹ ದಾವೆ ಸಾಧ್ಯ, ಬೇಡವೆನ್ನುವವನು ಹೊರಗೆ ಹೋಗಬಹುದು, ಸುಮ್ಮನಿದ್ದವನು ಒಳಗಿದ್ದಂತೆ. ಮೌನವನ್ನು ಸಮ್ಮತಿಯೆಂದು ಎಣಿಸಿದ ಈ ತಿರುವೇ ಇಡೀ ಚರಿತ್ರೆಯ ನಡುಗಂಬ.

ಸುಪ್ರೀಂ ಕೋರ್ಟು ಇದಕ್ಕೆ ಸಲೀಸಾಗಿ ದಾರಿ ಬಿಡಲಿಲ್ಲ. 1973ರ ಜಾನ್ ಪ್ರಕರಣದಲ್ಲಿ ಲೇಕ್ ಚಾಂಪ್ಲೇನ್ ದಡದ ಸುಮಾರು 200 ಜಮೀನುದಾರರು, ಗೇಣಿದಾರರು ಕಾಗದದ ಕಾರ್ಖಾನೆಯ ಮಾಲಿನ್ಯದ ವಿರುದ್ಧ ಬಂದಿದ್ದರು. ನಾಲ್ವರು ಪ್ರತಿನಿಧಿಗಳ ನಷ್ಟ ಆಗಿನ ಮಿತಿಯಾದ 10,000 ಡಾಲರ್ ದಾಟಿತ್ತು. ಅದು ಸಾಲದು, ಪ್ರತಿಯೊಬ್ಬನ ನಷ್ಟವೂ ದಾಟಬೇಕೆಂದಿತು ನ್ಯಾಯಾಲಯ. ಪೌರತ್ವಕ್ಕೆ ನಾಲ್ವರ ಲೆಕ್ಕ, ದುಡ್ಡಿಗೆ ಇನ್ನೂರೂ ಜನರ ಲೆಕ್ಕ. ಮರುವರ್ಷದ ಐಸೆನ್ ಪ್ರಕರಣದಲ್ಲಿ ವಾದಿಯ ಸ್ವಂತ ನಷ್ಟ 70 ಡಾಲರ್. ವಿಳಾಸ ಸಿಗಬಹುದಾದ ಸದಸ್ಯರು 22.5 ಲಕ್ಷ. ಪ್ರತಿಯೊಬ್ಬರಿಗೂ ವಾದಿಯೇ ತನ್ನ ಖರ್ಚಿನಲ್ಲಿ ನೋಟಿಸು ಕಳಿಸಬೇಕೆಂದು ಆದೇಶವಾಯಿತು. ಅದಕ್ಕೆ ಬೇಕಾದದ್ದು 2,25,000 ಡಾಲರ್. ನಮ್ಮ 1ನೇ ಆದೇಶದ 8ನೇ ನಿಯಮದಲ್ಲಿಯೂ ನೋಟಿಸಿನ ಖರ್ಚು ವಾದಿಯದೇ. ಆದರೆ ಜನ ಹೆಚ್ಚಿದ್ದರೆ ಸಾರ್ವಜನಿಕ ಪ್ರಕಟಣೆ ಸಾಕೆನ್ನುವ ಔದಾರ್ಯ ಅದಕ್ಕಿದೆ.

ಭೋಪಾಲವನ್ನು ಇಲ್ಲಿ ನೆನೆಯಲೇಬೇಕು. 1984ರ ಡಿಸೆಂಬರಿನ ಅನಿಲ ದುರಂತದ ಬಳಿಕ ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಹೂಡಿದ ಸುಮಾರು 145 ದಾವೆಗಳನ್ನು ನ್ಯೂಯಾರ್ಕಿನ ನ್ಯಾಯಾಧೀಶ ಜಾನ್ ಕೀನನ್ ಮುಂದೆ ಒಟ್ಟುಗೂಡಿಸಲಾಯಿತು. 1986ರ ಮೇ ತಿಂಗಳಲ್ಲಿ ಅವರು ಭಾರತವೇ ಸೂಕ್ತ ವೇದಿಕೆಯೆಂದು ದಾವೆಗಳನ್ನು ವಜಾ ಮಾಡಿದರು. ಇತ್ತ 1985ರ ಕಾಯಿದೆಯ ಮೂಲಕ ಭಾರತ ಸರ್ಕಾರ ತಾನೊಬ್ಬನೇ ಎಲ್ಲ ಸಂತ್ರಸ್ತರ ಪ್ರತಿನಿಧಿಯಾಗಿತ್ತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾದಾಗ ಯಾರಿಗೂ ನೋಟಿಸು ಹೋಗಿರಲಿಲ್ಲ, ಹೊರಹೋಗುವ ಬಾಗಿಲೂ ಇರಲಿಲ್ಲ. ಅದೇ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತಾದರೂ, ರಾಜಿಗೆ ಮುನ್ನ ಸಂತ್ರಸ್ತರನ್ನು ಕೇಳಬೇಕಿತ್ತು ಎಂದು ಒಪ್ಪಿಕೊಂಡಿತು. ಅಮೆರಿಕದ ದುಬಾರಿ ನೋಟಿಸನ್ನು ಗೇಲಿ ಮಾಡುವ ಮುನ್ನ ಈ ಪುಟವನ್ನು ತಿರುವಿ ನೋಡಬೇಕು.

ಮತ್ತೆ ಅಮೆರಿಕಕ್ಕೆ ಬಂದರೆ, ಅಲ್ಲಿನ 1990ರ ಪೂರಕ ಅಧಿಕಾರವ್ಯಾಪ್ತಿ ಕಾಯಿದೆ ಜಾನ್ ತೀರ್ಪನ್ನು ಮುಟ್ಟಬಾರದೆಂಬುದು ಸಂಸತ್ ಸಮಿತಿಯ ವರದಿಯ ಆಶಯ. ಆದರೆ ವಾದಿಗಳಾಗಿ ಸೇರುವವರಿಗೆ ನಿರ್ಬಂಧ ಹಾಕುವಾಗ ಕರಡು ಬರೆದವರು 19 ಮತ್ತು 24ನೇ ನಿಯಮಗಳನ್ನು ಹೆಸರಿಸಿ 20ನ್ನೂ 23ನ್ನೂ ಮರೆತರು. 2005ರ ಜೂನಿನಲ್ಲಿ ಎಕ್ಸಾನ್ ಬಂಕ್ ಮಾಲೀಕರ ಸಮೂಹ ದಾವೆ, ಜೊತೆಗೆ ಮೀನಿನ ಡಬ್ಬಿಯಿಂದ ಬೆರಳು ಕೊಯ್ದುಕೊಂಡ ಪೋರ್ಟೊ ರಿಕೊದ ಬಾಲಕಿಯ ದಾವೆ, ಎರಡೂ ಈ ಬಿರುಕಿನ ಮೂಲಕ ಒಳಬಂದವು. ಒಬ್ಬನ ಮೊತ್ತ ಮಿತಿ ದಾಟಿದರೆ ಉಳಿದವರೂ ಬರಬಹುದೆಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ.

ಅಷ್ಟರಲ್ಲಿ ಸಂಸತ್ತು ಲೆಕ್ಕವನ್ನೇ ತಲೆಕೆಳಗು ಮಾಡಿತ್ತು. 2005ರ ಫೆಬ್ರವರಿಯ ಸಮೂಹ ದಾವೆ ನ್ಯಾಯಸಮ್ಮತಿ ಕಾಯಿದೆಯ ಪ್ರಕಾರ 100 ಸದಸ್ಯರಿದ್ದು, ಎಲ್ಲರ ಮೊತ್ತ ಕೂಡಿ 50 ಲಕ್ಷ ಡಾಲರ್ ಮೀರಿ, ಯಾವನಾದರೂ ಒಬ್ಬ ಸದಸ್ಯ ಪ್ರತಿವಾದಿಗಿಂತ ಭಿನ್ನ ರಾಜ್ಯದವನಾದರೆ ಸಾಕು. ಎಷ್ಟೋ ಕಾಲ ಕೂಡಿಸಬಾರದು ಎಂದಿದ್ದನ್ನು ಈಗ ಕೂಡಿಸಿ ಎಂದದ್ದು ವಾದಿಗಳ ಮೇಲಿನ ಕರುಣೆಯಿಂದಲ್ಲ. ರಾಜ್ಯ ನ್ಯಾಯಾಲಯಗಳಿಂದ ತಪ್ಪಿಸಿಕೊಳ್ಳಲು ಫೆಡರಲ್ ಬಾಗಿಲು ಬೇಕಿದ್ದದ್ದು ಈಗ ಪ್ರತಿವಾದಿ ಕಂಪನಿಗಳಿಗೆ. ಎಣಿಕೆಯ ಸೂತ್ರ ಬದಲಾದಾಗಲೆಲ್ಲ ಬಾಗಿಲು ಯಾರಿಗೆ ಬೇಕಿತ್ತು ಎಂದು ನೋಡಿದರೆ ಸಿದ್ಧಾಂತಕ್ಕಿಂತ ಹೆಚ್ಚು ಅರ್ಥವಾಗುತ್ತದೆ.

ಸಾಲ ಮಾಹಿತಿ ಸಂಸ್ಥೆ ಟ್ರಾನ್ಸ್‌ಯೂನಿಯನ್‌ನ 2021ರ ಪ್ರಕರಣದಲ್ಲಿ 8,185 ಸದಸ್ಯರ ಸಮೂಹದಿಂದ, ತಪ್ಪು ವರದಿ ಹೊರಗಿನವರ ಕೈಸೇರಿದ್ದ 1,853 ಮಂದಿಯನ್ನಷ್ಟೇ ಆ ವರದಿಯ ದೂರಿಗೆ ಪರಿಹಾರಾರ್ಹರೆಂದು ಸುಪ್ರೀಂ ಕೋರ್ಟು ಎಣಿಸಿತು. ಹಾನಿಯಾಗದ ಸದಸ್ಯರೂ ಸೇರಿರುವ ಸಮೂಹಕ್ಕೆ ಆರಂಭದಲ್ಲೇ ಮಾನ್ಯತೆ ಕೊಡಬಹುದೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ನ್ಯಾಯಾಲಯ, 2025ರ ಜೂನಿನಲ್ಲಿ ಲ್ಯಾಬ್‌ಕಾರ್ಪ್ ಪ್ರಕರಣವನ್ನು ತೀರ್ಮಾನಿಸದೆಯೇ ಕೈಬಿಟ್ಟಿತು.