ಆಶುಚಿತ್ರ: ಬಿ.ಕೆ.ಎಸ್. ವರ್ಮ ಅವರ ಕಲೆಯ ಒಂದು ಮುಖ

ಆಶುಕವಿತೆಯನ್ನು ಕುರಿತು ಕನ್ನಡ ವಿಮರ್ಶೆಯಲ್ಲಿ ಬಹುಕಾಲದಿಂದ ಒಂದು ಅನುಮಾನವಿದೆ. ಕ್ಷಣಾರ್ಧದಲ್ಲಿ ಹೊಮ್ಮಿದ ಪದ್ಯವು ಕಾವ್ಯವೇ, ಅಥವಾ ಕೇವಲ ಚಮತ್ಕಾರವೇ ಎಂಬುದು ಆ ಅನುಮಾನ. ಈ ಪ್ರಶ್ನೆಯನ್ನು ಪದ್ಯಕ್ಕೆ ಹಾಕಿದ ನಾವು ಚಿತ್ರಕ್ಕೆ ಹಾಕಲಿಲ್ಲ. ಹಾಕಬೇಕಾದ ಸಂದರ್ಭವನ್ನು ತಂದುಕೊಟ್ಟವರು, 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಿಧನರಾದ ಚಿತ್ರಕಾರ ಬಿ.ಕೆ.ಎಸ್. ವರ್ಮ.

ಅವರ ಜೀವನದ ವಿವರಗಳು ಪತ್ರಿಕೆಗಳಲ್ಲಿ ಬಂದಿವೆ. ಇಲ್ಲಿ ಅವುಗಳ ಸಂಕ್ಷೇಪ ಸಾಕು. ಅತ್ತಿಬೆಲೆಯ ಸಮೀಪದ ಕರ್ನೂರು ಅವರ ಹುಟ್ಟೂರು. ತಂದೆ ಸಂಗೀತಜ್ಞರು, ತಾಯಿಗೆ ಚಿತ್ರಕಲೆ ಒಲಿದಿತ್ತು. ಎಳವೆಯಲ್ಲೇ ಬಣ್ಣ ಹಿಡಿದ ಈ ಹುಡುಗನಿಗೆ ಬೆಂಗಳೂರಿನ ಕಲಾಮಂದಿರದಲ್ಲಿ ಅ.ನ. ಸುಬ್ಬರಾವ್ ಅವರ ಶಿಕ್ಷಣ ದೊರೆಯಿತು. ಹೆಸರಿನ ಕೊನೆಯ 'ವರ್ಮ' ಎಂಬುದು ಯಾರ ಕಡೆಗೆ ಬೆರಳು ತೋರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. 2001ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2011ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಅವರಿಗೆ ಸಂದವು. ಕುಂಚವಷ್ಟೇ ಅಲ್ಲದೆ ಬರಿಗೈ, ದಾರ, ಉಗುರು ಇವೂ ಅವರಿಗೆ ಉಪಕರಣಗಳಾಗಿದ್ದವು. ಹಾಳೆಯ ಮೇಲೆ ಉಗುರಿನಿಂದ ಒತ್ತಿ ಉಬ್ಬುಚಿತ್ರ ಮೂಡಿಸುವುದನ್ನು ಕಂಡವರು ಇಂದಿಗೂ ಅದನ್ನೇ ಮೊದಲು ನೆನೆಯುತ್ತಾರೆ. ನನ್ನ ಮಟ್ಟಿಗೆ ಅದು ಅವರ ಕಲೆಯ ಹೊರಅಂಗಳ ಮಾತ್ರ.

ಒಳಮನೆಯಿರುವುದು ಶತಾವಧಾನಿ ಆರ್. ಗಣೇಶ್ ಅವರೊಂದಿಗೆ ಅವರು ನಡೆಸಿಕೊಟ್ಟ ಕಾವ್ಯಚಿತ್ರ ಗೋಷ್ಠಿಗಳಲ್ಲಿ. ಒಂದೇ ವೇದಿಕೆಯಲ್ಲಿ ಕವಿ ಆಶುವಾಗಿ ಪದ್ಯ ಕಟ್ಟುತ್ತಾರೆ, ಚಿತ್ರಕಾರರು ಅದೇ ಹೊತ್ತಿನಲ್ಲಿ ಚಿತ್ರ ಬರೆಯುತ್ತಾರೆ. ಎರಡೂ ಕಲೆಗಳಿಗೆ ವಸ್ತು ಒಂದೇ, ಕಾಲವೂ ಒಂದೇ. ಆದರೆ ಅವು ನಡೆಯುವ ಕ್ರಮ ಬೇರೆ. ಪದ್ಯ ಒಂದು ತುದಿಯಿಂದ ಆರಂಭವಾಗಿ ಇನ್ನೊಂದು ತುದಿಗೆ ಸಾಗುತ್ತದೆ. ಮೊದಲ ಪಾದ ಮುಗಿದಾಗ ಕಾಲುಭಾಗ ನಮ್ಮ ಕೈಸೇರಿರುತ್ತದೆ, ಅದರ ಪ್ರಾಸಾಕ್ಷರವು ಮುಂದಿನ ಪಾದಗಳಿಗೆ ಕಟ್ಟುಹಾಕಿರುತ್ತದೆ. ಚಿತ್ರ ಹಾಗಲ್ಲ. ಮೊದಲಿಗೆ ಬೀಳುವ ನೀಲಿ ಆಕಾಶವೋ ನೀರೋ ಎಂದು ಸಭೆಗೆ ತಿಳಿಯುವುದಿಲ್ಲ. ಬಹುಹೊತ್ತು ಏನೂ ಕೈಗೆ ಸಿಕ್ಕಿರುವುದಿಲ್ಲ. ಬಳಿಕ ಒಂದು ಗೆರೆ ಬಿದ್ದೊಡನೆ ಹಿಂದಿನ ಎಲ್ಲ ಬಣ್ಣಗಳಿಗೂ ಒಮ್ಮೆಲೇ ಅರ್ಥ ಬಂದುಬಿಡುತ್ತದೆ. ಅನ್ವಯಕ್ಕಾಗಿ ಕೊನೆಯ ಕ್ರಿಯಾಪದದವರೆಗೂ ಕಾಯಿಸುವ ಹಳಗನ್ನಡದ ದೀರ್ಘ ವಾಕ್ಯವನ್ನು ಓದಿ ಅಭ್ಯಾಸವಿರುವವರಿಗೆ ಈ ಸುಖ ಅಪರಿಚಿತವಲ್ಲ.

ಇನ್ನೊಂದು ಭೇದವೂ ಗಮನಾರ್ಹ. 'ಮುಖವೇ ಚಂದ್ರ' ಎಂದು ಕವಿ ರೂಪಕ ಕಟ್ಟಿ ಮುಂದೆ ಸಾಗಬಹುದು. ಚಿತ್ರಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಮುಖ ಬರೆಯಬೇಕೋ ಚಂದ್ರನನ್ನು ಬರೆಯಬೇಕೋ ಎಂಬುದನ್ನು ಅವನು ಅಲ್ಲೇ ನಿರ್ಧರಿಸಬೇಕು. ಕವಿ ಬಾಯಿಂದ ಹೊರಡುವ ಮುನ್ನ ಪದವನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾನೆ, ಆ ತಿದ್ದುಪಡಿ ಸಭೆಗೆ ಕಾಣದು. ಚಿತ್ರಕಾರನ ತಿದ್ದುಪಡಿಯೂ ಸಭೆಯ ಕಣ್ಣೆದುರೇ ನಡೆಯಬೇಕು. ಆದ್ದರಿಂದ ಆಶುಚಿತ್ರವನ್ನು ಆಶುಕವಿತೆಯ ಅನುಬಂಧವೆಂದು ಎಣಿಸುವುದು ಸರಿಯಲ್ಲ. ಅದರ ಕಟ್ಟುಪಾಡು ಕೆಲವು ಅಂಶಗಳಲ್ಲಿ ಇನ್ನೂ ಬಿಗಿಯಾದುದು.

ಹೀಗಿದ್ದರೂ ಕಲಾವಿಮರ್ಶೆ ವರ್ಮರ ಕಡೆಗೆ ಹೆಚ್ಚು ಒಲವು ತೋರಲಿಲ್ಲ. ಇದಕ್ಕೆ ಕಾರಣ ರವಿವರ್ಮನ ಕಾಲದಿಂದಲೇ ಬಂದದ್ದು. 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ರವಿವರ್ಮನು ದೇವತೆಗಳನ್ನು ಮನೆಮನೆಯ ಗೋಡೆಗೆ ತಂದನು. ಜನ ಒಪ್ಪಿದರು, ಮುಂದಿನ ತಲೆಮಾರಿನ ಕಲಾಪಂಡಿತರು ಮೂಗು ಮುರಿದರು. ಜನಪ್ರಿಯವಾದ ರೂಪಸದೃಶ ಚಿತ್ರವೆಲ್ಲ 'ಕ್ಯಾಲೆಂಡರ್ ಕಲೆ' ಎಂಬ ಒಂದೇ ಮೂಟೆಯಲ್ಲಿ ಬಿತ್ತು. ವರ್ಮರ ಎಲ್ಲ ಚಿತ್ರಗಳೂ ಒಂದೇ ತೂಕದವೆಂದು ನಾನೂ ಹೇಳಲಾರೆ. ಕೆಲವು ದೇವತಾಚಿತ್ರಗಳಲ್ಲಿ ಮಾಧುರ್ಯ ಅಗತ್ಯಕ್ಕಿಂತ ಹೆಚ್ಚಾಗಿದೆ. ಆದರೆ ವೇದಿಕೆಯ ಮೇಲೆ ಹುಟ್ಟಿದ ಚಿತ್ರವನ್ನು ಗ್ಯಾಲರಿಯ ಗೋಡೆಯ ಅಳತೆಗೋಲಿನಿಂದ ಅಳೆದರೆ, ಯಕ್ಷಗಾನದ ಪ್ರಸಂಗಪಠ್ಯವನ್ನಷ್ಟೇ ಓದಿ ಆಟದ ಬಗೆಗೆ ತೀರ್ಪು ಕೊಟ್ಟಂತಾಗುತ್ತದೆ.

ಜನಪ್ರಿಯತೆಗೆ ಬೇರೊಂದು ಬೆಲೆಯೂ ಉಂಟು. ಅವರು ಬರೆದ ತಾಯಿ ಭುವನೇಶ್ವರಿಯ ಚಿತ್ರ ನಾಡಿನ ಎಷ್ಟೋ ಸಮಾರಂಭಗಳಲ್ಲಿ ಪೂಜೆಗೊಂಡಿದೆ. ಹೂಮಾಲೆ ಹಾಕಿದವರಲ್ಲಿ ಚಿತ್ರಕಾರರ ಹೆಸರು ಬಲ್ಲವರು ಎಷ್ಟು ಮಂದಿ? ಬಾಯಿಂದ ಬಾಯಿಗೆ ಹರಿದ ತ್ರಿಪದಿ ತನ್ನ ಕರ್ತೃವನ್ನು ಕಳೆದುಕೊಳ್ಳುವಂತೆ ಈ ಚಿತ್ರವೂ ಕರ್ತೃವಿನಿಂದ ಕಳಚಿಕೊಂಡಿದೆ. ಇದನ್ನು ಗೌರವವೆಂದೂ ಕರೆಯಬಹುದು, ಮರೆವೆಂದೂ ಕರೆಯಬಹುದು.

ಇಲ್ಲಿ ಪಂಪನ ಆದಿಪುರಾಣದ ಒಂದು ಸಂದರ್ಭ ನೆನಪಾಗುತ್ತದೆ. ಶ್ರೀಮತಿಗೆ ಪೂರ್ವಜನ್ಮದ ಸ್ಮರಣೆಯಾಗಿ, ತಾನು ಸ್ವಯಂಪ್ರಭೆಯಾಗಿ ಲಲಿತಾಂಗನೊಡನೆ ಬಾಳಿದ ಬಾಳನ್ನು ಪಟದ ಮೇಲೆ ಚಿತ್ರಿಸುತ್ತಾಳೆ. ಪಂಡಿತೆ ಆ ಪಟವನ್ನು ಜಿನಾಲಯಕ್ಕೆ ಒಯ್ದು ಹರಡುತ್ತಾಳೆ. ನೋಡುವವರು ಹಲವರಾದರೂ ಅದು ಏನೆಂದು ಬಲ್ಲವನು ವಜ್ರಜಂಘನೊಬ್ಬನೇ, ಏಕೆಂದರೆ ಚಿತ್ರದ ಹಿಂದಿರುವ ಕಥೆಯನ್ನು ಬದುಕಿದವನು ಅವನು. ಉಳಿದವರಿಗೆ ಅದು ಬಣ್ಣ ಬಳಿದ ಬಟ್ಟೆ.

ಕಾವ್ಯಚಿತ್ರ ಗೋಷ್ಠಿಯ ಚಿತ್ರಗಳ ಸ್ಥಿತಿಯೂ ಹೀಗೆಯೇ ಆಗುವ ಭಯ ನನಗಿದೆ. ಆ ಹೊತ್ತಿನ ಪದ್ಯ, ಸಭೆ ಕೊಟ್ಟ ವಸ್ತು, ಯಾವ ಬಣ್ಣ ಮೊದಲು ಬಿತ್ತು, ಯಾವ ಗೆರೆಗೆ ಚಪ್ಪಾಳೆ ಬಂತು ಎಂಬುದನ್ನು ಬಲ್ಲವರು ಇಂದು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಅನೇಕರು ವಯಸ್ಸಾದವರು. ಪದ್ಯ ನೆನಪಿನಲ್ಲೋ ಪುಸ್ತಕದಲ್ಲೋ ಉಳಿಯುತ್ತದೆ, ಚಿತ್ರ ಯಾರದೋ ಮನೆಯ ನಡುಮನೆಯಲ್ಲಿ ಉಳಿಯುತ್ತದೆ. ಇವೆರಡೂ ಒಂದೇ ಗಳಿಗೆಯ ಅವಳಿಗಳೆಂಬ ಸಂಗತಿ ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ. ಅವಧಾನಸಾಹಿತ್ಯವನ್ನು ಸಂಶೋಧನೆಗೆ ಆರಿಸಿಕೊಳ್ಳುವ ವಿದ್ಯಾರ್ಥಿಗಳು ಛಂದಸ್ಸು, ಅಲಂಕಾರಗಳ ಪಟ್ಟಿ ಸಿದ್ಧಪಡಿಸುವ ಮುನ್ನ ಈ ಜೋಡಣೆಯ ಕೆಲಸಕ್ಕೆ ತೊಡಗಲಿ. ಸಂಘಟಕರ ಮನೆಗಳಲ್ಲಿರುವ ಆಮಂತ್ರಣ ಪತ್ರಿಕೆಗಳು, ಧ್ವನಿಸುರುಳಿಗಳು, ಚಿತ್ರದ ಹಿಂಬದಿಯಲ್ಲಿ ಯಾರಾದರೂ ಗೀಚಿಟ್ಟಿರಬಹುದಾದ ತಾರೀಖು, ಇವುಗಳಿಂದ ಆರಂಭಿಸಬಹುದು.