ಪ್ರೋಟೀನ್ ಮಡಿಕೆ: ಅಧ್ಯಯನದ ಇತಿಹಾಸ

ಅಮೈನೋ ಆಮ್ಲಗಳ ಉದ್ದನೆಯ ಸರಪಳಿ ಮಡಿಚಿಕೊಂಡು ತನ್ನ ಸಹಜವಾದ ಮೂರು ಆಯಾಮದ ರಚನೆಯನ್ನು ತಳೆಯುವ ಕ್ರಿಯೆಗೆ ಪ್ರೋಟೀನ್ ಮಡಿಕೆ ಎಂದು ಹೆಸರು. ಕಿಣ್ವಗಳು ಕೆಲಸ ಮಾಡುವುದೂ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವುದೂ ಈ ರಚನೆಯ ಬಲದಿಂದಲೇ. ಸರಪಳಿ ಯಾವ ರೂಪ ಪಡೆಯುತ್ತದೆ, ಯಾವ ದಾರಿಯಲ್ಲಿ ಆ ರೂಪ ಮುಟ್ಟುತ್ತದೆ ಎಂಬ ಎರಡು ಪ್ರಶ್ನೆಗಳೇ ಈ ಅಧ್ಯಯನದ ಇತಿಹಾಸವನ್ನು ರೂಪಿಸಿವೆ.

ಆರಂಭದ ವಿಚಾರಗಳು

ಬೇಯಿಸಿದ ಮೊಟ್ಟೆಯ ಬಿಳಿಭಾಗ ಗಟ್ಟಿಯಾಗುವುದೇಕೆ? ಶಾಖಕ್ಕೆ ಪ್ರೋಟೀನ್ ತುಂಡಾಗುವುದಿಲ್ಲ, ಅದರ ಮಡಿಕೆ ಬಿಚ್ಚಿಕೊಳ್ಳುತ್ತದೆ ಎಂದು ಚೀನಾದ ಜೀವರಸಾಯನ ವಿಜ್ಞಾನಿ ವು ಶಿಯೆನ್ 1931ರಲ್ಲಿ ವಾದಿಸಿದರು. 1951ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಜಲಜನಕ ಬಂಧಗಳಿಂದ ನಿಲ್ಲುವ ಆಲ್ಫಾ ಸುರುಳಿ ಮತ್ತು ಬೀಟಾ ಹಾಳೆಗಳನ್ನು ವಿವರಿಸಿದರು. ನೀರಿಗೆ ಒಗ್ಗದ ಅಮೈನೋ ಆಮ್ಲಗಳು ಒಳಗೆ ಅಡಗಿಕೊಳ್ಳುವುದೇ ಮಡಿಕೆಯ ಮುಖ್ಯ ಪ್ರೇರಣೆ ಎಂಬುದನ್ನು ವಾಲ್ಟರ್ ಕೌಜ್‌ಮನ್ 1959ರಲ್ಲಿ ಪ್ರತಿಪಾದಿಸಿದರು. ಸರಪಳಿ ಎಷ್ಟು ಕೋನ ತಿರುಗಬಲ್ಲದು ಎಂಬ ಮಿತಿಯನ್ನು ತೋರಿಸುವ ನಕ್ಷೆಯನ್ನು ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದರು. ಪ್ರೋಟೀನ್ ರಚನೆಗಳನ್ನು ಒರೆಹಚ್ಚಲು ಇಂದಿಗೂ ಅದೇ ನಕ್ಷೆ ಬಳಕೆಯಲ್ಲಿದೆ. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವಭೌತ ವಿಭಾಗವನ್ನು ಕಟ್ಟಿದರು.

ಆನ್ಫಿನ್‌ಸೆನ್ ಪ್ರಯೋಗ

ನಿರ್ಣಾಯಕ ಪುರಾವೆ ಸಿಕ್ಕಿದ್ದು ಅಮೆರಿಕದ ಬೆಥೆಸ್ಡಾದಲ್ಲಿ. ಕ್ರಿಶ್ಚಿಯನ್ ಆನ್ಫಿನ್‌ಸೆನ್ ಆರಿಸಿಕೊಂಡದ್ದು 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಕಿಣ್ವವನ್ನು. ಇದರ ಎಂಟು ಸಿಸ್ಟೀನ್‌ಗಳು ಜೋಡಿಯಾಗಿ ನಾಲ್ಕು ಗಂಧಕ ಬಂಧಗಳಾಗಿರುತ್ತವೆ. ಯೂರಿಯಾ ದ್ರಾವಣದಲ್ಲಿ ಮಡಿಕೆ ಬಿಚ್ಚಿ, ಬಂಧಗಳನ್ನೂ ಮುರಿದಾಗ ಕಿಣ್ವ ನಿಷ್ಕ್ರಿಯವಾಯಿತು. ಯೂರಿಯಾ ತೆಗೆದು ಗಾಳಿಗೊಡ್ಡಿದಾಗ ಅದು ತಾನಾಗಿ ಮಡಿಚಿಕೊಂಡು ಮತ್ತೆ ಕೆಲಸಕ್ಕೆ ನಿಂತಿತು. ಎಂಟು ಸಿಸ್ಟೀನ್‌ಗಳು 105 ಬಗೆಯಲ್ಲಿ ಜೋಡಿಯಾಗಬಲ್ಲವು. ಮರಳಿ ಮೂಡಿದ್ದು ಸರಿಯಾದ ಆ ಒಂದೇ ಬಗೆ. ರಚನೆಗೆ ಬೇಕಾದ ಸೂಚನೆಯೆಲ್ಲ ಅಮೈನೋ ಆಮ್ಲಗಳ ಅನುಕ್ರಮದಲ್ಲೇ ಇದೆ ಎಂದು ಇದರಿಂದ ಸ್ಥಿರಪಟ್ಟಿತು. ಆನ್ಫಿನ್‌ಸೆನ್‌ಗೆ 1972ರ ರಸಾಯನ ವಿಜ್ಞಾನ ನೊಬೆಲ್‌ನಲ್ಲಿ ಪಾಲು ದೊರೆಯಿತು.

ದಾರಿಯ ಪ್ರಶ್ನೆ

ಪ್ರತಿ ಅಮೈನೋ ಆಮ್ಲಕ್ಕೆ ಮೂರೇ ಭಂಗಿ ಎಂದಿಟ್ಟುಕೊಂಡರೂ 100ರ ಸರಪಳಿಗೆ 5ರ ಮುಂದೆ 47 ಸೊನ್ನೆಯಿಟ್ಟಷ್ಟು ಭಂಗಿಗಳಾಗುತ್ತವೆ. ಒಂದೊಂದಾಗಿ ಹುಡುಕಿದರೆ ವಿಶ್ವದ ಆಯುಸ್ಸೂ ಸಾಲದು; ಆದರೂ ಅನೇಕ ಪ್ರೋಟೀನ್‌ಗಳು ಸೆಕೆಂಡಿನೊಳಗೇ ಮಡಿಚಿಕೊಳ್ಳುತ್ತವೆ. 1969ರಲ್ಲಿ ಸೈರಸ್ ಲೆವಿಂಥಾಲ್ ಎತ್ತಿ ತೋರಿದ ತೊಡಕು ಇದು. ಮಡಿಕೆಯ ನಡುಹಂತಗಳನ್ನು ಹಿಡಿಯುವ ಪ್ರಯತ್ನಗಳಲ್ಲಿ ಜಯಂತ್ ಉದ್ಗಾಂವ್‌ಕರ್ ಮತ್ತು ರಾಬರ್ಟ್ ಬಾಲ್ಡ್ವಿನ್ 1988ರಲ್ಲಿ ರೈಬೋನ್ಯೂಕ್ಲಿಯೇಸ್ ಮೇಲೆಯೇ ನಡೆಸಿದ ಪ್ರಯೋಗ ಮುಖ್ಯವಾದುದು. ಉದ್ಗಾಂವ್‌ಕರ್ ಈ ಸಂಶೋಧನೆಯನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಮುಂದುವರಿಸಿದರು. ಸರಪಳಿ ಕುರುಡಾಗಿ ಹುಡುಕುವುದಿಲ್ಲ, ಆಲಿಕೆಯ ಅಂಚಿನಿಂದ ಬುಡಕ್ಕೆ ಜಾರುವಂತೆ ಕಡಿಮೆ ಶಕ್ತಿಯ ಸ್ಥಿತಿಯತ್ತ ಸಾಗುತ್ತದೆ ಎಂಬ ಸಿದ್ಧಾಂತ 1990ರ ದಶಕದಲ್ಲಿ ನೆಲೆಯೂರಿತು.

ಜೀವಕೋಶದ ಒಳಗಿನ ಕಿಕ್ಕಿರಿದ ಪರಿಸರದಲ್ಲಿ ಹಲವು ಪ್ರೋಟೀನ್‌ಗಳಿಗೆ ನೆರವು ಬೇಕು. ಶಾಪರೋನ್ ಎಂಬ ಸಹಾಯಕ ಪ್ರೋಟೀನ್‌ಗಳ ಈ ಪಾತ್ರವನ್ನು ಫ್ರಾಂಝ್ ಉಲ್ರಿಚ್ ಹಾರ್ಟ್ಲ್ ಮತ್ತು ಆರ್ಥರ್ ಹಾರ್ವಿಚ್ 1980ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು.

ಗಣಕ ಯುಗ

ಅನುಕ್ರಮದಿಂದ ರಚನೆಯನ್ನು ಊಹಿಸುವ ಅಂತರರಾಷ್ಟ್ರೀಯ ಪರೀಕ್ಷೆ 1994ರಲ್ಲಿ ಮೊದಲಾಯಿತು. 2020ರಲ್ಲಿ ಆಲ್ಫಾಫೋಲ್ಡ್ 2 ಎಂಬ ಗಣಕ ತಂತ್ರಾಂಶ ಅದರಲ್ಲಿ ಪ್ರಯೋಗಕ್ಕೆ ಸಮೀಪದ ನಿಖರತೆ ಸಾಧಿಸಿತು. ಇದರ ರೂವಾರಿಗಳಾದ ಡೆಮಿಸ್ ಹಸ್ಸಾಬಿಸ್, ಜಾನ್ ಜಂಪರ್ ಹಾಗೂ ಹೊಸ ಪ್ರೋಟೀನ್‌ಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ 2024ರ ರಸಾಯನ ವಿಜ್ಞಾನ ನೊಬೆಲ್ ಹಂಚಿಕೊಂಡರು. ರೂಪದ ಪ್ರಶ್ನೆಗೆ ಹೀಗೆ ಬಹುಮಟ್ಟಿಗೆ ಉತ್ತರ ಸಿಕ್ಕಿದರೂ ದಾರಿಯ ಪ್ರಶ್ನೆ ಮುಗಿದಿಲ್ಲ. ಆಲ್ಝೈಮರ್, ಪಾರ್ಕಿನ್ಸನ್ ಕಾಯಿಲೆಗಳಲ್ಲಿ ತಪ್ಪಾಗಿ ಮಡಿಚಿದ ಪ್ರೋಟೀನ್‌ಗಳು ಮೆದುಳಿನಲ್ಲಿ ಶೇಖರವಾಗುವುದರಿಂದ, ಮಡಿಕೆ ಎಲ್ಲಿ ಹಾದಿ ತಪ್ಪುತ್ತದೆ ಎಂಬುದರ ಅರಿವು ಚಿಕಿತ್ಸೆಯ ಹುಡುಕಾಟಕ್ಕೂ ಅಗತ್ಯವಾಗಿದೆ.